ಬೆಳಕಿಗೆ ಹೆದರೋ ದೆವ್ವ: ಸ್ವಿಚ್ ಯಾರ ಕೈಯಲ್ಲಿದೆ?

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದೆ.)

ಭಾನುವಾರ, ಅದೂ ಸೆಂಟ್ರಲ್ ಲೈನ್‌ನಲ್ಲಿ ಮೆಗಾ ಬ್ಲಾಕ್ ಇರೋ ಭಾನುವಾರ, ಡೊಂಬಿವಲಿ, ಐರೋಲಿ ಕಡೆಯಿಂದೆಲ್ಲ ಬಂದಿದೀರ. ಹಾಗಾಗಿ ಪೀಠಿಕೆ ಇಲ್ಲದೆ ವಿಷಯಕ್ಕೆ ಬರ್ತೀನಿ.

ಡ್ರಾಕುಲಾ ಬಿಸಿಲಿಗೆ ಬಂದ್ರೆ ಏನಾಗ್ತಾನೆ? ಹೇಳಿ. ಹೌದು, ಸುಟ್ಟು ಬೂದಿ ಆಗ್ತಾನೆ. ಇಲ್ಲಿ ಕೂತಿರೋ ಎಲ್ಲರಿಗೂ ಇದು ಗೊತ್ತು. ಆದ್ರೆ 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಕಾದಂಬರಿಯಲ್ಲಿ ಹಾಗೆ ಆಗೋದೇ ಇಲ್ಲ. ಅದರಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಪಿಕಡಿಲಿ ರಸ್ತೆಯಲ್ಲಿ ನಿಂತಿರ್ತಾನೆ. ಹಗಲಲ್ಲಿ ಅವನ ಶಕ್ತಿ ಸ್ವಲ್ಪ ಕಡಿಮೆ, ಅಷ್ಟೇ. ಕೊನೆಗೆ ಅವನು ಸಾಯೋದು ಎರಡು ಚಾಕುಗಳಿಂದ. ಅದರಲ್ಲಿ ಒಂದು ನಮ್ಮ ಗೂರ್ಖಾಗಳ ಕುಕ್ರಿ! ಬಿಸಿಲಿಗೂ ಅವನ ಸಾವಿಗೂ ಸಂಬಂಧ ಇಲ್ಲ.

ಹಾಗಾದ್ರೆ ಬಿಸಿಲು ತಾಗಿದ್ರೆ ರಕ್ತಪಿಶಾಚಿ ಸಾಯುತ್ತೆ ಅನ್ನೋ ನಿಯಮ ಎಲ್ಲಿಂದ ಬಂತು? ಒಂದು ಬಡ ಸಿನಿಮಾದಿಂದ. 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'. ನಿರ್ದೇಶಕ ಎಫ್. ಡಬ್ಲ್ಯು. ಮುರ್ನಾವ್, ದೆವ್ವ ಆಗಿದ್ದು ಮ್ಯಾಕ್ಸ್ ಶ್ರೆಕ್. ಪ್ರಾನಾ ಫಿಲ್ಮ್ ಅನ್ನೋ ಪುಟ್ಟ ಕಂಪನಿ ಮಾಡಿದ್ದು. ಇವತ್ತಿನ ಭಾಷೆಯಲ್ಲಿ ಅದೊಂದು ಸ್ಟಾರ್ಟ್‌ಅಪ್. ಒಂದೇ ಸಿನಿಮಾ ಮಾಡಿ ದಿವಾಳಿ ಆಯ್ತು. ಕಾದಂಬರಿಯ ಹಕ್ಕು ಕೊಂಡಿರಲಿಲ್ಲ. ಹೆಸರು ಬದಲಾಯಿಸಿ, ಡ್ರಾಕುಲಾನನ್ನ ಕೌಂಟ್ ಓರ್ಲಾಕ್ ಅಂತ ಮಾಡಿ ಹೊಡೆದುಬಿಟ್ಟರು. ಸ್ಟೋಕರ್‌ನ ಹೆಂಡತಿ ಕೋರ್ಟಿಗೆ ಹೋದರು. 1925ರಲ್ಲಿ ಎಲ್ಲಾ ಪ್ರಿಂಟ್ ನಾಶ ಮಾಡಿ ಅಂತ ತೀರ್ಪು ಬಂತು. ಅದೃಷ್ಟಕ್ಕೆ ಅಲ್ಲಿ ಇಲ್ಲಿ ಹೋಗಿದ್ದ ಕೆಲವು ಪ್ರಿಂಟ್ ಉಳಿದುಕೊಂಡವು.

ಆ ಸಿನಿಮಾದ ಕೊನೆಯಲ್ಲಿ ನಾಯಕಿ ದೆವ್ವವನ್ನ ಬೆಳಗಿನವರೆಗೂ ತನ್ನ ಹತ್ತಿರ ಉಳಿಸಿಕೊಳ್ತಾಳೆ. ಕೋಳಿ ಕೂಗುತ್ತೆ, ಕಿಟಕಿಯಿಂದ ಬಿಸಿಲು ಬರುತ್ತೆ, ದೆವ್ವ ಕರಗಿ ಹೊಗೆ ಆಗುತ್ತೆ. ಹೊಡೆದಾಟ ಇಲ್ಲ, ರಕ್ತ ಇಲ್ಲ, ಸ್ಟಂಟ್‌ನವರು ಬೇಕಿಲ್ಲ. ದುಡ್ಡಿಲ್ಲ ಅಂತಲೇ ಹಾಗೆ ಬರೆದರು ಅಂತ ನಾನು ಹೇಳ್ತಿಲ್ಲ. ಆದ್ರೆ ಎಂಜಿನಿಯರ್ ಕಣ್ಣಿಂದ ನೋಡಿದ್ರೆ ಅಷ್ಟು ಅಗ್ಗದ, ಅಷ್ಟು ಗಟ್ಟಿಯಾದ ಕ್ಲೈಮ್ಯಾಕ್ಸ್ ಇನ್ನೊಂದಿಲ್ಲ. ನೂರು ವರ್ಷ ಆಯ್ತು, ಇನ್ನೂ ಓಡ್ತಾ ಇದೆ.

ಈಗ ತಮಾಷೆ ನೋಡಿ. ಬಿಸಿಲಿಗೆ ಸಾಯೋ ಈ ದೆವ್ವವನ್ನ ಶೂಟ್ ಮಾಡಿದ್ದು ಬಿಸಿಲಲ್ಲಿ! ಆಗಿನ ಫಿಲ್ಮ್‌ಗೆ ರಾತ್ರಿ ಹೊರಗಡೆ ಏನೂ ಕಾಣ್ತಿರಲಿಲ್ಲ. ಹಗಲು ಚಿತ್ರೀಕರಿಸಿ, ಪ್ರಿಂಟ್‌ಗೆ ನೀಲಿ ಬಣ್ಣ ಕೊಟ್ಟು, 'ಇದು ರಾತ್ರಿ' ಅಂತ ತೋರಿಸ್ತಿದ್ರು. ಬಣ್ಣ ಇಲ್ಲದ ಕಪ್ಪು-ಬಿಳುಪು ಕಾಪಿ ನಿಮಗೆ ಸಿಕ್ಕರೆ, ಓರ್ಲಾಕ್ ಮಹಾಶಯ ಮಟಮಟ ಮಧ್ಯಾಹ್ನ ತನ್ನ ಶವಪೆಟ್ಟಿಗೆಯನ್ನ ತಾನೇ ಕಂಕುಳಲ್ಲಿ ಇಟ್ಕೊಂಡು ಹೋಗ್ತಿರ್ತಾನೆ. ವಿಲೇ ಪಾರ್ಲೆ ಸ್ಟೇಷನ್ನಲ್ಲಿ ಲಗೇಜ್ ಹಿಡ್ಕೊಂಡು ಹೋಗೋರ ಹಾಗೆ. (ನಗು)

ನನ್ನ ಎಂ.ಟೆಕ್. ಪ್ರಾಜೆಕ್ಟ್ ಇದ್ದದ್ದು ಇಮೇಜ್ ಪ್ರಾಸೆಸಿಂಗ್‌ನಲ್ಲಿ, ಕಡಿಮೆ ಬೆಳಕಲ್ಲಿ ತೆಗೆದ ಚಿತ್ರದ ನಾಯ್ಸ್ ತೆಗೆಯೋದು. ಹಾಗಾಗಿ ಒಂದೇ ಒಂದು ಲೆಕ್ಕ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ.

ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ನಿಮ್ಮ ಆಫೀಸ್ ಟೇಬಲ್ ಮೇಲೆ 300ರಿಂದ 500. ಒಳ್ಳೆ ಹುಣ್ಣಿಮೆ ಬೆಳದಿಂಗಳು ಎಷ್ಟು ಗೊತ್ತಾ? ಕಾಲು ಲಕ್ಸ್. ಬಿಸಿಲಿಗಿಂತ ನಾಲ್ಕು ಲಕ್ಷ ಪಟ್ಟು ಕಡಿಮೆ. ನಮ್ಮ ಕಣ್ಣು ಈ ಎರಡನ್ನೂ ನೋಡುತ್ತೆ, ಅದು ಕಣ್ಣಿನ ಪವಾಡ. 1970ರ ದಶಕದ ಕಲರ್ ನೆಗೆಟಿವ್‌ನ ವೇಗ 100 ಎಎಸ್ಎ ಆಸುಪಾಸು. ಲೆನ್ಸ್ ಅನ್ನ ಎಫ್ 1.4ಕ್ಕೆ ಪೂರ್ತಿ ತೆರೆದು, ಸೆಕೆಂಡಿಗೆ 24 ಫ್ರೇಮ್ ಓಡಿಸಿದರೂ, ಮುಖ ಸರಿಯಾಗಿ ಕಾಣಬೇಕು ಅಂದ್ರೆ 200ಕ್ಕೂ ಹೆಚ್ಚು ಲಕ್ಸ್ ಬೇಕು. ಬೆಳದಿಂಗಳು ಅದರ ಸಾವಿರದಲ್ಲಿ ಒಂದು ಪಾಲು. ಅಂದ್ರೆ ಸ್ಮಶಾನದಲ್ಲಿ ಅಮಾವಾಸ್ಯೆ ರಾತ್ರಿ ಏಳೋ ದೆವ್ವವನ್ನ ತೋರಿಸೋಕೆ ಹೆಚ್ಚುಕಡಿಮೆ ಒಂದು ಆಫೀಸ್ ಕ್ಯೂಬಿಕಲ್‌ನಷ್ಟು ಬೆಳಕು ಸ್ಮಶಾನಕ್ಕೆ ಹೊತ್ತುಕೊಂಡು ಹೋಗಬೇಕು. ದೊಡ್ಡ ಲೈಟು, ಅದಕ್ಕೆ ಜನರೇಟರ್, ಅದಕ್ಕೆ ಡೀಸೆಲ್, ಅದನ್ನ ಹೊರೋ ಜನ, ಅವರ ಊಟ.

ಕತ್ತಲೆ ಅಗ್ಗ ಅಂತ ಎಲ್ಲರೂ ಅಂದ್ಕೋತಾರೆ. ಸಿನಿಮಾದಲ್ಲಿ ಕತ್ತಲೆಯಷ್ಟು ದುಬಾರಿ ಯಾವುದೂ ಇಲ್ಲ. ಅದಕ್ಕೇ ನಾನು ಇವತ್ತು ಹೇಳೋಕೆ ಬಂದಿರೋದು: ಬೆಳಕಿಗೆ ಹೆದರೋ ದೆವ್ವದ ಸಿನಿಮಾ ಮಾಡೋರು ಮೊದಲು ದೆವ್ವದ ಡಿಸೈನ್ ಮಾಡಬಾರದು. ಬೆಳಕು ಎಲ್ಲಿಂದ ಬರುತ್ತೆ, ಅದರ ಸ್ವಿಚ್ ಯಾರ ಕೈಯಲ್ಲಿದೆ, ಅದನ್ನ ಮೊದಲು ತೀರ್ಮಾನ ಮಾಡಬೇಕು. ದೆವ್ವ ಆಮೇಲೆ.

ಇದನ್ನ ನಮ್ಮ ಈ ಊರಲ್ಲೇ ಒಂದು ಕುಟುಂಬ ಮಾಡಿ ತೋರಿಸಿದೆ. ರಾಮ್ಸೆ ಬ್ರದರ್ಸ್. ನಗಬೇಡಿ. ಹೆಸರು ಕೇಳಿದ ತಕ್ಷಣ ಎಲ್ಲರೂ ನಗ್ತಾರೆ.

ಅಪ್ಪ ಎಫ್. ಯು. ರಾಮ್ಸೆ. ಮೂಲ ಹೆಸರು ರಾಮ್‌ಸಿಂಘಾನಿ. ಕರಾಚಿಯಲ್ಲಿ ರೇಡಿಯೋ ಅಂಗಡಿ ಇತ್ತು. ಬ್ರಿಟಿಷ್ ಗಿರಾಕಿಗಳ ಬಾಯಿಗೆ ಹೆಸರು ಹೊರಳದೆ ರಾಮ್ಸೆ ಆಯ್ತು. ದೇಶ ವಿಭಜನೆ ಆದಾಗ ಮುಂಬೈಗೆ ಬಂದರು. ಇಲ್ಲೂ ರೇಡಿಯೋ ಅಂಗಡಿ, ಲ್ಯಾಮಿಂಗ್ಟನ್ ರೋಡಿನಲ್ಲಿ. ನಾವು ಶನಿವಾರ ಆರ್ಡುಯಿನೋ, ವೈರು, ಸೆನ್ಸರ್ ಅಂತ ಹುಡುಕಿಕೊಂಡು ಹೋಗ್ತೀವಲ್ಲ, ಅದೇ ಲ್ಯಾಮಿಂಗ್ಟನ್ ರೋಡ್. ಬಾಲಿವುಡ್ ಹಾರರ್ ಹುಟ್ಟಿದ್ದು ಒಂದು ಎಲೆಕ್ಟ್ರಾನಿಕ್ಸ್ ಕುಟುಂಬದಲ್ಲಿ ಅನ್ನೋದು ನನಗೆ ಬಹಳ ಖುಷಿ ಕೊಡೋ ವಿಷಯ.

ಅಪ್ಪನಿಗೆ ಸಿನಿಮಾ ಹುಚ್ಚು. 1970ರಲ್ಲಿ 'ಏಕ್ ನನ್ಹಿ ಮುನ್ನಿ ಲಡಕಿ ಥೀ' ಅಂತ ಒಂದು ಸಿನಿಮಾ ಮಾಡಿದರು, ಪೃಥ್ವಿರಾಜ್ ಕಪೂರ್, ಮುಮ್ತಾಜ್ ಇದ್ದರು. ಸೋತಿತು. ಆದ್ರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರವಾದ ಮುಖವಾಡ ಹಾಕ್ಕೊಂಡು ಕಳ್ಳತನಕ್ಕೆ ಬರೋ ಒಂದು ದೃಶ್ಯಕ್ಕೆ ಥಿಯೇಟರಲ್ಲಿ ಜನ ಬೆಚ್ಚಿಬೀಳ್ತಿದ್ರು. ಮಕ್ಕಳು ಇದನ್ನ ಗಮನಿಸಿದರು. ಜನಕ್ಕೆ ಸಿನಿಮಾ ಬೇಡ, ಆ ಒಂದು ದೃಶ್ಯ ಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಯೂಸರ್ ಫೀಡ್‌ಬ್ಯಾಕ್, ಒಂದೇ ಫೀಚರ್ ಇಟ್ಕೊಂಡು ಹೊಸ ಪ್ರಾಡಕ್ಟ್.

ಏಳು ಜನ ಅಣ್ಣತಮ್ಮಂದಿರು. ಯಾರೂ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದವರಲ್ಲ. ಅಪ್ಪ ಅವರನ್ನ ಕಾಶ್ಮೀರದಲ್ಲಿ ಒಂದು ದೋಣಿಮನೆಯಲ್ಲಿ ಕೂರಿಸಿ, ಜೋಸೆಫ್ ಮ್ಯಾಸೆಲ್ಲಿ ಅನ್ನೋನು ಬರೆದ ಛಾಯಾಗ್ರಹಣದ ಪುಸ್ತಕ ಕೊಟ್ಟು ಓದಿಸಿದರು. ಯೂಟ್ಯೂಬ್ ಟ್ಯುಟೋರಿಯಲ್ ಇಲ್ಲದ ಕಾಲದ ಬೂಟ್‌ಕ್ಯಾಂಪ್ ಅದು. ಕುಮಾರ್ ಬರೆಯೋದು, ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಸೌಂಡ್, ಅರ್ಜುನ್ ಎಡಿಟಿಂಗ್, ಕೇಶು ನಿರ್ಮಾಣ. 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಬಂತು. ಇಡೀ ಸಂಸಾರ ಮಹಾಬಲೇಶ್ವರಕ್ಕೆ ಹೋಯ್ತು, ಸರ್ಕಾರಿ ಗೆಸ್ಟ್‌ಹೌಸ್‌ನಲ್ಲಿ ಉಳಿಯಿತು, ಮನೆಯ ಹೆಂಗಸರೇ ಎಲ್ಲರಿಗೂ ಅಡುಗೆ ಮಾಡಿದರು. ಸುಮಾರು 40 ದಿನ, ಸುಮಾರು ಮೂರೂವರೆ ಲಕ್ಷ ರೂಪಾಯಿ ಅನ್ನೋದು ಕುಟುಂಬದವರೇ ಹೇಳ್ಕೊಂಡು ಬಂದ ಲೆಕ್ಕ. ಸೆಟ್ ಹಾಕಲಿಲ್ಲ, ಇದ್ದ ಬಂಗಲೆಯೇ ಸೆಟ್. ಮುಂದೆ ಮುರುಡ್‌ನ ನವಾಬರ ಅರಮನೆಯನ್ನ ಕೂಡ ಹಾಗೇ ಬಳಸಿದರು. ನಾವು ವೀಕೆಂಡ್‌ಗೆ ಜಂಜೀರಾ ಕೋಟೆ ನೋಡೋಕೆ ಹೋಗ್ತೀವಲ್ಲ, ಅದೇ ಊರು.

ಉಳಿಸಿದ ದುಡ್ಡೆಲ್ಲ ಎಲ್ಲಿಗೆ ಹೋಯ್ತು? ಅವರ ಯಾವ ಸಿನಿಮಾ ಬೇಕಾದ್ರೂ ಹಾಕಿ, ಸೌಂಡ್ ಮ್ಯೂಟ್ ಮಾಡಿ ನೋಡಿ. 'ಪುರಾನಾ ಮಂದಿರ್' 1984, 'ವೀರಾನಾ' 1988, 'ಬಂದ್ ದರ್ವಾಜಾ' 1990. ಬೆಳಕು! ಗಂಗು ರಾಮ್ಸೆ ಹಿಂದಿನಿಂದ ಒಂದು ದೊಡ್ಡ ನೀಲಿ ಲೈಟ್ ಇಡ್ತಾರೆ, ಅದು ಚಂದ್ರ. ಮುಂದೆ ಹೊಗೆ ಬಿಡ್ತಾರೆ. ಹೊಗೆ ಆ ಬೆಳಕನ್ನ ಹಿಡ್ಕೊಳ್ಳುತ್ತೆ, ಹಿಂದಿನ ಮರ, ಗೋಡೆ, ಪಕ್ಕದಲ್ಲಿ ನಿಂತ ಲೈಟ್‌ಬಾಯ್ ಯಾರೂ ಕಾಣಲ್ಲ. ಒಳಗಡೆ ಆದ್ರೆ ಒಂದು ಕಡೆ ಕೆಂಪು, ಒಂದು ಕಡೆ ಹಸಿರು. ಹವೇಲಿ ಒಳಗೆ ಹಸಿರು ಬೆಳಕು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ದೆವ್ವದ ಮುಖವಾಡದ ಹೊಲಿಗೆ, ಕತ್ತಿನ ಹತ್ತಿರ ರಬ್ಬರ್ ಏಳೋದು ಎಲ್ಲ ಮುಚ್ಚಿಹೋಗುತ್ತೆ. ಮುಖವಾಡಕ್ಕೆ ಹಾಕಬೇಕಾದ ಹತ್ತು ರೂಪಾಯಿಯಲ್ಲಿ ಎಂಟನ್ನ ಬೆಳಕಿಗೆ ಹಾಕಿದ್ದಾರೆ ಅಂತ ನನಗೆ ಅನಿಸುತ್ತೆ.

ಮುಖವಾಡದ ಒಳಗಿದ್ದ ಮನುಷ್ಯನ ಬಗ್ಗೆ ಹೇಳದೆ ಇದ್ರೆ ತಪ್ಪಾಗುತ್ತೆ. 'ಪುರಾನಾ ಮಂದಿರ್'ನ ಸಾಮ್ರಿ, 'ಬಂದ್ ದರ್ವಾಜಾ'ದ ನೇವ್ಲಾ, ಎರಡೂ ಅನಿರುದ್ಧ್ ಅಗರ್‌ವಾಲ್. ಅವರು ಏನು ಓದಿದ್ದು ಗೊತ್ತಾ? ಸಿವಿಲ್ ಎಂಜಿನಿಯರಿಂಗ್, ರೂರ್ಕಿಯಲ್ಲಿ. ಈಗಿನ ಐಐಟಿ ರೂರ್ಕಿ. ಮುಂಬೈಗೆ ಬಂದು ಎಂಜಿನಿಯರ್ ಕೆಲಸ ಮಾಡ್ತಿದ್ದವರು. ಬಹಳ ಎತ್ತರ, ಮುಖದ ಮೂಳೆ ಉದ್ದ, ಎಲ್ಲರೂ ತಿರುಗಿ ನೋಡೋ ಆಕಾರ. ಬೇರೆಯವರು ಅದನ್ನ ನೋಡಿ ಹಿಂದೆ ಸರೀತಿದ್ರು, ರಾಮ್ಸೆಗಳು ಒಳಗೆ ಕರೆದರು. ಮೇಕಪ್ ಕಡಿಮೆ ಸಾಕಾಯ್ತು ಅಂತ ಈಗ ಎಲ್ಲರೂ ಜೋಕ್ ಮಾಡ್ತಾರೆ. ನಾನು ಆ ಜೋಕ್ ಮಾಡಲ್ಲ. ಸಾಮ್ರಿ ನಿಂತಿರೋ ರೀತಿ ನೋಡಿ. ಅವರು ಬೆಳಕಿಗೆ ಬೆನ್ನು ಕೊಟ್ಟು ನಿಲ್ತಾರೆ, ತಲೆ ಸ್ವಲ್ಪ ಬಗ್ಗಿಸ್ತಾರೆ, ಕಣ್ಣು ಮಾತ್ರ ಲೈಟ್ ಹಿಡಿಯೋ ಹಾಗೆ. ತನ್ನ ಮೇಲೆ ಎಲ್ಲಿಂದ ಎಷ್ಟು ಬೆಳಕು ಬೀಳ್ತಾ ಇದೆ ಅಂತ ಗೊತ್ತಿರೋ ನಟ ಮಾಡೋ ಕೆಲಸ ಅದು. ಆಮೇಲೆ ಅವರು ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್'ನಲ್ಲೂ ಮಾಡಿದರು. ಅಲ್ಲಿ ಮುಖವಾಡ ಇಲ್ಲ, ಇನ್ನೂ ಹೆದರಿಕೆ ಆಗುತ್ತೆ.

ಒಂದು ವ್ಯತ್ಯಾಸ ಗಮನಿಸಿ. ನೇವ್ಲಾ ಡ್ರಾಕುಲಾ ಜಾತಿಯವನು, ಹಗಲೆಲ್ಲ ಪೆಟ್ಟಿಗೆಯಲ್ಲಿ ಮಲಗಿ ರಾತ್ರಿ ಏಳೋನು. ಸಾಮ್ರಿ ಹಾಗಲ್ಲ, ಅವನು ಹೆದರೋದು ತ್ರಿಶೂಲಕ್ಕೆ. ತ್ರಿಶೂಲ ದೇವರ ಕೈಯಲ್ಲಿದೆ, ಅದು ಸಿಗೋವರೆಗೆ ನಾಯಕ ಅಸಹಾಯಕ. ಆದ್ರೆ ಬೆಳಕು? ಬೆಳಕು ಯಾರ ಕೈಯಲ್ಲಾದ್ರೂ ಇರಬಹುದು. ಮಗುವಿನ ಕೈಯಲ್ಲೂ. ಈ ಉಪಾಯ ರಾಮ್ಸೆಗಳು ಪೂರ್ತಿ ಬಳಸಲೇ ಇಲ್ಲ ಅನ್ನೋದು ನನ್ನ ತಕರಾರು.

ಬಳಸಿದ್ದು ಸ್ವೀಡನ್ನಿನ ಒಬ್ಬ. ಡೇವಿಡ್ ಸ್ಯಾಂಡ್‌ಬರ್ಗ್. 2013ರಲ್ಲಿ, ತನ್ನ ಅಪಾರ್ಟ್‌ಮೆಂಟಲ್ಲಿ, ಹೆಂಡತಿ ಲೊಟ್ಟಾ ಲೋಸ್ಟೆನ್‌ಳನ್ನೇ ನಾಯಕಿ ಮಾಡಿ, ಮೂರು ನಿಮಿಷವೂ ಇಲ್ಲದ 'ಲೈಟ್ಸ್ ಔಟ್' ಅನ್ನೋ ಕಿರುಚಿತ್ರ ಮಾಡಿದ. ಲೈಟ್ ಆರಿಸಿದ್ರೆ ಪ್ಯಾಸೇಜಲ್ಲಿ ಯಾರೋ ನಿಂತಿದಾರೆ. ಹಾಕಿದ್ರೆ ಇಲ್ಲ. ಆರಿಸಿದ್ರೆ ಇದಾರೆ. ಅಷ್ಟೇ ಕಥೆ. ಕ್ಯಾಮೆರಾ ಅಲ್ಲಾಡದೆ ಇರೋದ್ರಿಂದ ಎರಡು ಶಾಟ್ ಜೋಡಿಸಿದ್ರೆ ಮುಗೀತು. 2016ರಲ್ಲಿ ಹಾಲಿವುಡ್ ಅದನ್ನೇ ಪೂರ್ಣ ಸಿನಿಮಾ ಮಾಡಿತು, ಸುಮಾರು 49 ಲಕ್ಷ ಡಾಲರ್ ಬಂಡವಾಳ, ಹೆಚ್ಚುಕಡಿಮೆ 15 ಕೋಟಿ ಡಾಲರ್ ಗಳಿಕೆ. ಆದ್ರೂ ಆ ಮೂರು ನಿಮಿಷದ್ದೇ ಚೆನ್ನಾಗಿದೆ. ಯಾಕಂದ್ರೆ ಅದರಲ್ಲಿ ಸ್ವಿಚ್ ನಾಯಕಿಯ ಕೈಯಲ್ಲಿದೆ. ಅವಳೇ ಆರಿಸ್ತಾಳೆ. ಬೇಡ ಕಣಮ್ಮ ಅಂತ ನಾವು ಇಲ್ಲಿಂದ ಹೇಳ್ತೀವಿ, ಆದ್ರೂ ಆರಿಸ್ತಾಳೆ. ನಾವಾಗಿದ್ರೂ ಆರಿಸ್ತಿದ್ವಿ.

ಕನ್ನಡದಲ್ಲಿ? 2013ರಲ್ಲೇ ಕೆ. ಎಸ್. ಅಶೋಕ ಅವರ '6-5=2' ಬಂತಲ್ಲ. ಟ್ರೆಕ್ಕಿಂಗ್ ಹೋದ ಹುಡುಗರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅಂತ ತೋರಿಸಿದ ಸಿನಿಮಾ. ಹೆಸರಾಂತ ನಟರಿಲ್ಲ, ಆದ್ರೂ ಓಡ್ತು, ಮರುವರ್ಷ ಹಿಂದಿಗೂ ಹೋಯ್ತು. ಅಲ್ಲಿ ಕಾಡಲ್ಲಿರೋ ಬೆಳಕು ಅವರ ಕೈಯಲ್ಲಿ ಎಷ್ಟಿದೆಯೋ ಅಷ್ಟೇ. ಅದರಾಚೆ ನಮಗೂ ಕಾಣಲ್ಲ, ಅವರಿಗೂ ಕಾಣಲ್ಲ. ಅದು ಸರಿಯಾದ ಲೆಕ್ಕ. 'ತುಂಬಾಡ್' ಬಗ್ಗೆ ಯಾಕೆ ಮಾತಾಡ್ತಿಲ್ಲ ಅಂತ ಯಾರೋ ಚಾಟಲ್ಲಿ ಹಾಕಿದಾರೆ. ಒಳ್ಳೆ ಸಿನಿಮಾ, ಲಾಟೀನು ಬೆಳಕಿನ ಪಾಠವೇ ಅದು. ಆದ್ರೆ ವರ್ಷಗಟ್ಟಲೆ ಮಳೆಗೆ ಕಾದು ಮಾಡಿದ್ದು. ನಮ್ಮ ಹತ್ತಿರ ಇರೋದು ಎರಡು ವೀಕೆಂಡ್.

ಈಗ ನಮ್ಮೂರಿಗೆ ಬರ್ತೀನಿ. ನಾನು ಸಿದ್ದಾಪುರ ಕಡೆಯವನು. ನಮ್ಮ ಅಜ್ಜಿ ಹೇಳ್ತಿದ್ದ ದೆವ್ವಗಳಲ್ಲಿ ಒಂದೂ ಬೆಳಕಿಗೆ ಹೆದರ್ತಿರಲಿಲ್ಲ. ಕೊಳ್ಳಿದೆವ್ವ ನೆನಪಿದೆಯಾ? ಅದು ಬೆಳಕನ್ನ ಕೈಯಲ್ಲಿ ಹಿಡ್ಕೊಂಡೇ ಓಡಾಡುತ್ತೆ! ಗದ್ದೆ ಆಚೆ ದೂರದಲ್ಲಿ ಒಂದು ಕೊಳ್ಳಿ ಹೊತ್ತಿಕೊಂಡು ಹೋಗ್ತಾ ಇರುತ್ತೆ. ನೀವು ಯಾರೋ ಊರಿನವರು ಅಂತ ಹಿಂದೆ ಹೋದ್ರಿ, ಮುಗೀತು. ಡ್ರಾಕುಲಾನ ಊರಲ್ಲಿ ಬೆಳಕು ಅಂದ್ರೆ ಪಾರಾದೆ. ನಮ್ಮೂರಲ್ಲಿ ಬೆಳಕು ಕಂಡ್ರೆ ಮೊದಲು ಅನುಮಾನ ಪಡಬೇಕು, ಅದು ಯಾರ ಕೈಯಲ್ಲಿದೆ ಅಂತ.

ಯಕ್ಷಗಾನವೂ ಹಾಗೇ. ದೊಂದಿ ಬೆಳಕಿನ ಆಟ ನೋಡಿದವರು ಈಗಲೂ ಹೇಳ್ತಾರೆ. ತೆಂಕುತಿಟ್ಟಿನ ಬಣ್ಣದ ವೇಷ, ಅಂದ್ರೆ ರಾಕ್ಷಸ, ಒಮ್ಮೆಲೇ ಬರಲ್ಲ. ಇಬ್ಬರು ಒಂದು ತೆರೆ ಹಿಡಿದು ನಿಲ್ತಾರೆ. ತೆರೆಯ ಮೇಲೆ ಕಿರೀಟದ ತುದಿ, ಆಮೇಲೆ ಕೈಬೆರಳು, ಆಮೇಲೆ ಒಂದು ಆರ್ಭಟ. ದೊಂದಿಗೆ ರಾಳದ ಪುಡಿ ಎರಚಿದ್ರೆ ಭಗ್ ಅಂತ ಬೆಂಕಿ ಏಳುತ್ತೆ, ಆ ಒಂದು ಕ್ಷಣ ಮುಖ ಕಾಣುತ್ತೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನ ಹಾಗೆ ಇಟ್ಟ ಚಿಟ್ಟಿ ಇರುತ್ತಲ್ಲ, ಅಲ್ಲಾಡೋ ಬೆಂಕಿಯಲ್ಲಿ ಅದರ ನೆರಳೂ ಅಲ್ಲಾಡುತ್ತೆ, ಮುಖಕ್ಕೆ ಜೀವ ಬರುತ್ತೆ. ಟ್ಯೂಬ್‌ಲೈಟ್ ಬಂದ್ಮೇಲೆ ಅದೇ ಮುಖ ಅದೇ ಬಣ್ಣ, ಆದ್ರೆ ನೆರಳು ಹೋಯ್ತು. ಮುರ್ನಾವ್‌ಗೂ ಮೊದಲೇ, ಕ್ಯಾಮೆರಾ ಇಲ್ಲದೆ, ನಮ್ಮವರು ಮಾಡಿಟ್ಟಿದ್ದ ಲೈಟಿಂಗ್ ಡಿಸೈನ್ ಅದು. ರಾಳದ ಪುಡಿಗೆ ಎಷ್ಟು ಮಹಾ ಖರ್ಚು?

ಸರಿ, ಇದೆಲ್ಲ ಯಾಕೆ ಕೊರೀತಾ ಇದೀನಿ ಅಂದ್ರೆ ನಾವು ಐದು ಜನ ಸೇರಿ ಒಂದು ಹದಿನೈದು ನಿಮಿಷದ ಸಿನಿಮಾ ಮಾಡ್ತಾ ಇದೀವಿ. ತಲಾ 12 ಸಾವಿರ ಹಾಕಿ 60 ಸಾವಿರ ರೂಪಾಯಿ. ಬೆಳಕಿಗೆ ಹೆದರೋ ಒಂದು ಜೀವಿಯ ಕಥೆ. ಐದು ಜನ, ಎಲ್ಲರೂ ಎಂಜಿನಿಯರ್, ಆರು ಅಭಿಪ್ರಾಯ. (ನಗು) ಒಬ್ಬ ಹೇಳ್ತಾನೆ, 'ಈಗ ಎಐ ಇದೆಯಲ್ಲ ಮಾರಾಯ, ದೆವ್ವವನ್ನ ಅದರಲ್ಲೇ ಮಾಡಿಬಿಡೋಣ, ಪೂರ್ತಿ ತೋರಿಸೋಣ, ಪುಕ್ಕಟೆ.' ನಿಜ, ಪುಕ್ಕಟೆಗೆ ಹತ್ತಿರ. ಆದ್ರೆ ಅದೇ ತೊಂದರೆ. ಮುರ್ನಾವ್‌ಗೂ ಗಂಗು ರಾಮ್ಸೆಗೂ ದೆವ್ವವನ್ನ ತೋರಿಸೋದು ಕಷ್ಟ ಇತ್ತು, ಹಾಗಾಗಿ ಯಾವಾಗ ತೋರಿಸಬೇಕು ಅಂತ ಯೋಚನೆ ಮಾಡಿದರು. ಪುಕ್ಕಟೆ ಆದ್ರೆ ಯಾರು ಯೋಚನೆ ಮಾಡ್ತಾರೆ? ಮೊದಲ ನಿಮಿಷದಲ್ಲೇ ಹಲ್ಲು, ಜೊಲ್ಲು ಎಲ್ಲ ತಂದಿಡ್ತೀವಿ.

ಇನ್ನೊಂದು ಸಮಸ್ಯೆ, ಮುಂಬೈಯಲ್ಲಿ ಕತ್ತಲೆಯೇ ಇಲ್ಲ. ರಾತ್ರಿ ಎರಡು ಗಂಟೆಗೆ ಘಾಟ್‌ಕೋಪರ್‌ನಲ್ಲಿ ನಿಂತು ಪೇಪರ್ ಓದಬಹುದು. ಬೆಳಕಿಗೆ ಹೆದರೋ ದೆವ್ವ ಈ ಊರಲ್ಲಿ ಬಾಡಿಗೆಗೆ ಎಲ್ಲಿ ಇರುತ್ತೆ? ಹುಡುಕಿದ್ವಿ. ಒಬ್ಬಳು ಆರೆ ಕಾಲೊನಿ ಅಂದಳು. ಗೋರೆಗಾಂವ್ ಫಿಲ್ಮ್ ಸಿಟಿಯ ಬೇಲಿ ಆಚೆಯೇ ಕಾಡು. ಹೋದ ತಿಂಗಳು ಒಂದು ಸಂಜೆ ಹೋಗಿ ನೋಡಿದ್ವಿ. ಅಲ್ಲಿ ಆದಿವಾಸಿ ಪಾಡಾಗಳಿವೆ, ನಿಮಗೆ ಗೊತ್ತಿರುತ್ತೆ. ಅಲ್ಲಿ ಕತ್ತಲಲ್ಲಿ ಬರೋದು ದೆವ್ವ ಅಲ್ಲ, ಚಿರತೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ನಾಯಿ, ಹಂದಿ ಹುಡುಕ್ಕೊಂಡು ಬರುತ್ತೆ. ಮಕ್ಕಳ ಮೇಲೆ ಬಿದ್ದದ್ದೂ ಇದೆ, ಜೀವ ಹೋದದ್ದೂ ಇದೆ. ಕತ್ತಲಾದ ಮೇಲೆ ಒಬ್ಬೊಬ್ಬರೇ ಹೋಗಬೇಡಿ, ಟಾರ್ಚ್ ಹಿಡೀರಿ, ಮೊಬೈಲಲ್ಲಿ ಹಾಡು ಹಾಕ್ಕೊಂಡು ನಡೀರಿ ಅಂತ ಅಲ್ಲಿಯವರಿಗೆ ಹೇಳಿಕೊಡ್ತಾರೆ. ನಮ್ಮ ಸ್ಕ್ರಿಪ್ಟಲ್ಲಿ ನಾಯಕ ಮಾಡೋದೂ ಅದನ್ನೇ, ಒಂದಕ್ಷರ ಬದಲಿಲ್ಲ.

ಒಬ್ಬರು ವಯಸ್ಸಾದ ಕಾಕಾ ಮನೆ ಮುಂದೆ ಕೂತಿದ್ರು. ನಾವು ಹರಕು ಮರಾಠಿಯಲ್ಲಿ ಕೇಳಿದ್ವಿ, 'ಕಾಕಾ, ಇಲ್ಲಿ ರಾತ್ರಿ ಎರಡು ದಿನ ಶೂಟಿಂಗ್ ಮಾಡಬಹುದಾ?' ಅವರು ಸಿನಿಮಾ ಯಾವುದು, ಹೀರೋ ಯಾರು ಅಂತ ಏನೂ ಕೇಳಲಿಲ್ಲ. 'ಜನರೇಟರ್ ತರ್ತೀರಾ?' ಅಂದರು. ತರ್ತೀವಿ ಅಂದೆ. 'ಹಾಗಾದ್ರೆ ಒಂದು ಬಲ್ಬು ಸಂಡಾಸ್ ಕಡೆ ಹಾಕ್ತೀರಾ, ಎರಡು ದಿನ?' ಮನೆಗಳಿಂದ ಅಲ್ಲಿಗೆ ಒಂದು ಅರವತ್ತು ಹೆಜ್ಜೆ ಇರಬಹುದು. ಮಧ್ಯದಲ್ಲಿ ಕಂಬ ಇತ್ತು. ದೀಪ ಇರಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ನಮ್ಮ ನಮ್ಮಲ್ಲೇ ಜಗಳ ಆಯ್ತು. ಅಲ್ಲೇ ಮಾಡೋಣ, ಇದಕ್ಕಿಂತ ನಿಜವಾದ ಜಾಗ ಸಿಗಲ್ಲ ಅಂತ ಇಬ್ಬರು. ಬೇಡ ಅಂತ ನಾನು ಮತ್ತು ಇನ್ನಿಬ್ಬರು. ನನ್ನ ವಾದ ಇಷ್ಟೇ. ಅಲ್ಲಿ ನಾವು ದೊಡ್ಡ ಲೈಟ್ ಹಾಕಿ, 'ಕಟ್' ಅಂದು, ಆರಿಸಿ, ಗಾಡಿ ಹತ್ತಿ ಐರೋಲಿಗೆ ಬರ್ತೀವಿ. ಸ್ವಿಚ್ ನಮ್ಮ ಕೈಯಲ್ಲಿರುತ್ತೆ. ಯಾರ ಕತ್ತಲಿನ ಬಗ್ಗೆ ಸಿನಿಮಾ ಮಾಡ್ತಿದೀವೋ ಅವರ ಕೈಯಲ್ಲಿ ಇರಲ್ಲ. ಅದನ್ನೇ ಕಥೆ ಮಾಡೋ ಶಕ್ತಿ ಇದ್ರೆ ಮಾಡಬೇಕು. ಹದಿನೈದು ನಿಮಿಷದ ಹಾರರ್‌ನಲ್ಲಿ ನಮಗೆ ಆ ಶಕ್ತಿ ಇಲ್ಲ. ನಾಗರಾಜ್ ಮಂಜುಳೆ ಮಾಡಿದ್ರೆ ನಾನೇ ಮೊದಲ ದಿನ ಟಿಕೆಟ್ ತಗೋತೀನಿ.

ಹಾಗಾದ್ರೆ ನಮ್ಮ ಕತ್ತಲೆ ಯಾವುದು? ನಾವು, ಅಂದ್ರೆ ಇಲ್ಲಿ ಕೂತಿರೋರು, ನಿಜವಾಗಿ ಕತ್ತಲೆಯಲ್ಲಿ ಒಬ್ಬರೇ ಇರೋದು ಯಾವಾಗ? ಉತ್ತರ ನಿಮಗೆಲ್ಲ ಗೊತ್ತು. ರಾತ್ರಿ ರಿಲೀಸ್. ಇಡೀ ಫ್ಲೋರ್‌ನಲ್ಲಿ ನೀವೊಬ್ಬರೇ. ಲಾಗ್ ನೋಡ್ತಾ ಅಲ್ಲಾಡದೆ ಕೂತಿರ್ತೀರಿ. ಹತ್ತು ನಿಮಿಷ ಆಗುತ್ತೆ, ಟಕ್ ಅಂತ ಲೈಟ್ ಆರುತ್ತೆ. ಮೋಷನ್ ಸೆನ್ಸರ್! ಕೈ ಎತ್ತಿ ಆಡಿಸ್ತೀರಿ, ಮತ್ತೆ ಹೊತ್ತಿಕೊಳ್ಳುತ್ತೆ. ಕೈ ಆಡಿಸೋ ಆ ಎರಡು ಸೆಕೆಂಡಲ್ಲಿ ಮೀಟಿಂಗ್ ರೂಮ್ ಗಾಜಿನ ಕಡೆ ನೋಡದೆ ಇದ್ದವರು ಇಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ. ನೋಡಿ, ಒಬ್ಬರೂ ಇಲ್ಲ.

ಆ ಸೆನ್ಸರ್ ಹೇಗೆ ಕೆಲಸ ಮಾಡುತ್ತೆ? ಪಿಐಆರ್. ಬಿಸಿ ಇರೋ ದೇಹ ಅಲ್ಲಾಡಿದಾಗ ಅದರಿಂದ ಬರೋ ಇನ್‌ಫ್ರಾರೆಡ್ ಬದಲಾಗುತ್ತಲ್ಲ, ಅದನ್ನ ಹಿಡಿಯುತ್ತೆ. ಅದಕ್ಕೆ ಚಲನೆ ಮಾತ್ರ ಸಾಲದು, ಶಾಖದ ವ್ಯತ್ಯಾಸವೂ ಬೇಕು. ಈಗ ಒಂದು ಜೀವಿ ಇದೆ ಅಂದ್ಕೊಳ್ಳಿ, ಅದರ ಮೈ ಎಸಿ ಗಾಳಿಯಷ್ಟೇ ತಣ್ಣಗಿದೆ. ಅದು ಎಷ್ಟು ಓಡಾಡಿದ್ರೂ ಲೈಟ್ ಹೊತ್ತಲ್ಲ. ನೀವು ಓಡಾಡಿದ್ರೆ ಮಾತ್ರ ಹೊತ್ತುತ್ತೆ. ಅಂದ್ರೆ ಬದುಕಬೇಕು ಅಂದ್ರೆ ಬೆಳಗಿನವರೆಗೆ ಅಲ್ಲಾಡ್ತಾ ಇರಬೇಕು, ಕೂರೋ ಹಾಗಿಲ್ಲ, ನಿದ್ದೆ ಮಾಡೋ ಹಾಗಿಲ್ಲ. ಡೆಪ್ಲಾಯ್‌ಮೆಂಟ್ ಬೇರೆ ಮುಗಿಸಬೇಕು. ಇಲ್ಲಿ ಸ್ವಿಚ್ ಯಾರ ಕೈಯಲ್ಲೂ ಇಲ್ಲ, ನಿಮ್ಮ ಸುಸ್ತಿನ ಕೈಯಲ್ಲಿದೆ. ಇದು ಗೊತ್ತಾದ ದಿನ ಐದು ಜನಕ್ಕೂ ಜಗಳ ನಿಂತುಹೋಯ್ತು. ಎಐ ಅಂದಿದ್ದವನೇ ಹೇಳಿದ, 'ದೆವ್ವವನ್ನ ತೋರಿಸೋದು ಬೇಡ ಬಿಡು, ಕುರ್ಚಿ ತಿರುಗಿದ್ರೆ ಸಾಕು.'

ಯಾವ ಆಫೀಸೂ ಶೂಟಿಂಗ್‌ಗೆ ಒಳಗೆ ಬಿಡಲ್ಲ, ಅದು ನಿಮಗೆ ಗೊತ್ತಿದ್ದದ್ದೇ. ಐರೋಲಿಯಲ್ಲಿ ಸ್ನೇಹಿತನ ಸೊಸೈಟಿಯ ಬೇಸ್‌ಮೆಂಟ್‌ನಲ್ಲಿ ಹಳೆ ಕ್ಲಬ್‌ಹೌಸ್ ಖಾಲಿ ಇದೆ. ಸೆಕ್ರೆಟರಿ ಕಾಕಾ ಒಪ್ಪಿದ್ದಾರೆ, ರಾತ್ರಿ ಹನ್ನೊಂದರ ಮೇಲೆ ಕಿರುಚಾಟ ಇರಬಾರದು ಅಂತ ಷರತ್ತು. ಹಾರರ್ ಸಿನಿಮಾಕ್ಕೆ! ಸರಿ, ಕಿರುಚಾಟ ಡಬ್ಬಿಂಗ್‌ನಲ್ಲಿ ಸೇರಿಸ್ತೀವಿ. ಐದು ಮೇಜು, ಐದು ಕುರ್ಚಿ, ಮೇಲೆ ಚೌಕ ಎಲ್ಇಡಿ ಪ್ಯಾನೆಲ್. ಪಿಐಆರ್ ಸೆನ್ಸರ್ ಒಂದಕ್ಕೆ ನೂರು ರೂಪಾಯಿ ಆಸುಪಾಸು, ಜೊತೆಗೆ ರಿಲೇ ಬೋರ್ಡು. ಹೋದ ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ತಂದಾಯ್ತು. ನಿಜವಾದ ಸೆನ್ಸರ್‌ಗೇ ಲೈಟ್ ಜೋಡಿಸಿದೀವಿ. ನಟಿ ಅಲ್ಲಾಡದೆ ಕೂತ್ರೆ ಯಾವ ಕ್ಷಣದಲ್ಲಿ ಆರುತ್ತೆ ಅಂತ ಅವಳಿಗೂ ಗೊತ್ತಿರಲ್ಲ, ಕ್ಯಾಮೆರಾ ಹಿಡಿದ ನನಗೂ ಗೊತ್ತಿರಲ್ಲ. ಪೂರ್ತಿ ಕತ್ತಲಾದ್ರೆ ತೆರೆ ಮೇಲೆ ಬರೀ ನಾಯ್ಸ್ ಕಾಣುತ್ತೆ, ಅದಕ್ಕೆ ಲ್ಯಾಪ್‌ಟಾಪ್ ಸ್ಕ್ರೀನಿನ ನೀಲಿ ಬೆಳಕೊಂದು ಯಾವಾಗಲೂ ಉರೀತಾ ಇರುತ್ತೆ. ಗಂಗು ರಾಮ್ಸೆಯ ನೀಲಿ ಚಂದ್ರ, ನಮ್ಮ ಬಜೆಟ್ಟಲ್ಲಿ.

ಖರ್ಚಿನ ಪಟ್ಟಿ ಕೇಳಿದ್ರಿ, ಹೇಳ್ತೀನಿ. ಲೆನ್ಸ್ ಬಾಡಿಗೆ ಎರಡು ವೀಕೆಂಡ್‌ಗೆ 14 ಸಾವಿರ. ಲೈಟು, ಸ್ಟ್ಯಾಂಡು, ಪ್ಯಾನೆಲ್, ವೈರಿಂಗ್ ಸೇರಿ 17 ಸಾವಿರ. ಸೌಂಡ್ ಮಾಡೋರಿಗೆ 12 ಸಾವಿರ, ಅದು ಕಡಿಮೆಯೇ, ಸ್ನೇಹದಲ್ಲಿ ಒಪ್ಪಿದಾರೆ. ನಟಿಗೆ 8 ಸಾವಿರ. ಊಟ, ರಿಕ್ಷಾ, ಚಹಾ 5 ಸಾವಿರ. ದೆವ್ವಕ್ಕೆ ಸೊನ್ನೆ. ಉಳಿದದ್ದು 4 ಸಾವಿರ. ಅದರಲ್ಲಿ ಎರಡು ಸೋಲಾರ್ ಲೈಟ್ ತಗೊಂಡು ಆರೆಯ ಆ ಕಂಬಕ್ಕೆ ಹಾಕಿ ಬಂದ್ವಿ, ಕಾಕಾನ ಮೊಮ್ಮಗ ಏಣಿ ಹಿಡಿದ. ಇದು ಸಿನಿಮಾದ ಖರ್ಚಲ್ಲ, ಕೈಯಿಂದ ಹಾಕಬೇಕಿತ್ತು ಅಂತ ನಮ್ಮ ಲೆಕ್ಕ ಬರೆಯೋನು ಇನ್ನೂ ಮುನಿಸ್ಕೊಂಡಿದಾನೆ. ನಾನು ಅದನ್ನ ಶೀಟಲ್ಲಿ 'ಲೈಟಿಂಗ್' ಕಾಲಂನಲ್ಲೇ ಬರೆದಿದೀನಿ.

ಸರಿ, ಪ್ರಶ್ನೆ ಇದ್ರೆ ಕೇಳಿ. ಮೆಗಾ ಬ್ಲಾಕ್ ಐದಕ್ಕೆ ಮುಗಿಯುತ್ತೆ, ಟೈಮ್ ಇದೆ.